ಮೂರನೇ ಕೆಂಪು ಪಟ್ಟೆ

ದುರ್ಬೀನನ್ನು ಕಣ್ಣಿನಿಂದ ಇಳಿಸದೆಯೇ ಕೇತಿಲ್ ಎಣಿಸಿ ಮುಗಿಸಿದ.

"ಹದಿನಾಲ್ಕು. ಎಲ್ಲಕ್ಕಿಂತ ಮುಂದೆ ನಿಂತಿರೋದು ನಿನ್ನ ಫ್ಲೆಕ್ಕಾನೇ, ಒಡ್ನೀ. ಕೊರಳಲ್ಲಿ ಗಂಟೆ ಹೊಳೀತಾ ಇದೆ."

"ಎಷ್ಟನೇ ಪಟ್ಟೆ ಮೇಲೆ?"

"ಮೂರನೇ ಕೆಂಪು."

ಕುರಿದೊಡ್ಡಿಯ ಕಲ್ಲುಗೋಡೆಯ ಮೇಲೆ ಕೂತಿದ್ದ ಇಂದ್ರಿದಿ ಒಣಮೀನು ಅಗಿಯುವುದನ್ನು ನಿಲ್ಲಿಸಿದ. ಹತ್ತು ದಿನದ ಹಿಂದೆ ಬೆಟ್ಟದಿಂದ ಕುರಿ ಇಳಿಸಿದಾಗ ಸಿಗದೆ ಹೋದ ಹದಿನಾಲ್ಕು ಎಲ್ಲಿವೆ ಎನ್ನುವುದು ಈಗ ಮೂವರಿಗೂ ಗೊತ್ತಾಗಿತ್ತು. ಅಲ್ಲಿಂದ ಅವು ತಾವಾಗಿ ಬರಲಾರವು ಎನ್ನುವುದೂ ಗೊತ್ತಾಗಿತ್ತು.

ಸ್ಟಲ್ಲಾದಾಲ್ ಕಣಿವೆಯ ಮೂಡಣ ಗೋಡೆ ಬುಡದಿಂದ ತುದಿಯವರೆಗೆ ಪಟ್ಟೆಪಟ್ಟೆಯಾಗಿದೆ. ಒಂದು ಕಪ್ಪು, ಅದರ ಮೇಲೊಂದು ಕೆಂಪು, ಮತ್ತೆ ಕಪ್ಪು, ಮತ್ತೆ ಕೆಂಪು. ಯಾವುದೋ ಕಾಲದಲ್ಲಿ ನೆಲ ಬಾಯಿಬಿಟ್ಟು ಬೆಂಕಿಯ ಹೊಳೆ ಹರಿಸಿತು, ಅದು ಆರಿ ಕಪ್ಪು ಕಲ್ಲಾಯಿತು; ಕಲ್ಲಿನ ಮೇಲೆ ಬೂದಿ, ಧೂಳು, ಕೆಸರು ಕೂತು ಮಣ್ಣಾಯಿತು, ಗಿಡ ಬೆಳೆಯಿತು; ಮತ್ತೆ ಬೆಂಕಿ ಹರಿದು ಆ ಮಣ್ಣನ್ನು ಇಟ್ಟಿಗೆಯ ಹಾಗೆ ಸುಟ್ಟು ಕೆಂಪು ಮಾಡಿತು. ಹೀಗೆ ಪೇರಿಸಿಟ್ಟದ್ದನ್ನು ಆಮೇಲೆ ಮಂಜುಗಡ್ಡೆ ಬಂದು ಕೊಯ್ದು ಕಣಿವೆ ಮಾಡಿತು. ಕಣಿವೆಯವರು ಇಷ್ಟೆಲ್ಲ ಮಾತಾಡುವುದಿಲ್ಲ. ಅವರು ಪಟ್ಟೆಗಳನ್ನು ಕೆಳಗಿನಿಂದ ಎಣಿಸುತ್ತಾರೆ, ಅಷ್ಟೆ. ಕಪ್ಪು ಗಟ್ಟಿ, ಕೆಂಪು ಮೆದು. ಗಾಳಿಮಳೆಗೆ ಕೆಂಪು ಒಳಸರಿದು ಅಲ್ಲೊಂದು ಕಟ್ಟೆಯಾಗುತ್ತದೆ. ಸುಟ್ಟ ಮಣ್ಣು ನೀರು ಕುಡಿಯುವುದಿಲ್ಲ. ಮೇಲಿನಿಂದ ಇಳಿದು ಬಂದ ನೀರೆಲ್ಲ ಅಲ್ಲೇ ಜಿನುಗಿ ಹೊರಗೆ ಬರುತ್ತದೆ. ಹಾಗಾಗಿ ಕಣಿವೆಯ ಹುಲ್ಲೆಲ್ಲ ಹಳದಿ ತಿರುಗುವ ಸೆಪ್ಟೆಂಬರ್ ಕೊನೆಯಲ್ಲೂ ಪಟ್ಟೆಗಳ ಮೇಲೆ ಹಸಿರು ಉಳಿದಿರುತ್ತದೆ. ಅದು ಕುರಿಗಳಿಗೆ ಮನುಷ್ಯರಿಗಿಂತ ಚೆನ್ನಾಗಿ ಗೊತ್ತು.

"ಹೋದ ದಾರೀಲೇ ವಾಪಸು ಬರಬಹುದಿತ್ತಲ್ಲ?" ಇಂದ್ರಿದಿ ಕೇಳಿದ.

"ದಾರಿ ಇದ್ರೆ ತಾನೆ." ಕೇತಿಲ್ ದುರ್ಬೀನು ಅವನ ಕೈಗೆ ಕೊಟ್ಟ. "ಪಟ್ಟೆಯ ಹೊರತುದಿ ನೋಡು, ಕಣಿವೆ ಬಾಯಿ ಕಡೆ. ಹೊಸದಾಗಿ ಬಂಡೆ ಬಿದ್ದಿದೆ. ಹತ್ತು ಹೆಜ್ಜೆಯಷ್ಟು ಕಟ್ಟೆಯನ್ನೇ ಎತ್ತಿಕೊಂಡು ಹೋಗಿದೆ."

ಬಡಗಣ ಬೆಟ್ಟಗಳ ನೆತ್ತಿ ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು. ಸಂಜೆಯೊಳಗೆ ಹಿಮ ಬೀಳುತ್ತದೆ ಎಂದು ಹೇಳಲು ಯಾರೂ ಬೇಕಿರಲಿಲ್ಲ. ಹಿಮ ಬಿದ್ದು ಪಟ್ಟೆಯ ಜಿನುಗುನೀರು ಹೆಪ್ಪುಗಟ್ಟಿದರೆ ಅಲ್ಲಿಗೆ ಹೋಗುವುದು ಮುಗಿಯಿತು. ಕಣಿವೆಯ ಗಂಡಸರೆಲ್ಲ ಮಾರುವ ಕುರಿಗಳನ್ನು ಹೊಡೆದುಕೊಂಡು ಬಂದರಿಗೆ ಹೋಗಿದ್ದರು, ನಾಳಿದ್ದಿನವರೆಗೆ ಬರುವುದಿಲ್ಲ. ಉಳಿದವರು ಇವರು ಮೂವರೇ: ಅರವತ್ತಾರು ವರ್ಷದ ಕೇತಿಲ್, ಬಕ್ಕಿ ಎನ್ನುವ ಹೊಲಮನೆಯಲ್ಲಿ ಒಬ್ಬಳೇ ಕುರಿ ಸಾಕಿಕೊಂಡಿರುವ ಒಡ್ನೀ, ಅವಳ ಪಕ್ಕದ ಹೊಲದ ಇಂದ್ರಿದಿ.

ಪಟ್ಟೆಯಲ್ಲಿ ಸಿಕ್ಕಿಬಿದ್ದ ಕುರಿಯನ್ನು ಹಸಿದು ಸಾಯಲು ಬಿಡುವ ಪದ್ಧತಿ ಈ ಕಣಿವೆಯಲ್ಲಿ ಇಲ್ಲ. ತರಲಾಗದಿದ್ದರೆ ಬೆಟ್ಟದ ದೊರೆ ಕೆಳಗೆ ನಿಂತು ಗುಂಡು ಹೊಡೆಯಬೇಕು. ಕುರಿ ಇಳಿಸುವ ದಿನಗಳಿಗೆ ಕಣಿವೆಯವರು ಆರಿಸುವ ದೊರೆ ಅವನು. ಬೆಟ್ಟದ ಮೇಲೆ ಅವನು ಹೇಳಿದ್ದೇ ಮಾತು, ಎದುರು ಹೇಳುವವರು ಯಾರೂ ಇಲ್ಲ. ಹತ್ತೊಂಬತ್ತು ವರ್ಷದಿಂದ ಕೇತಿಲ್‌ನೇ ದೊರೆ. ಒಮ್ಮೆ ಅವನು ಹಾಗೆ ಒಂಬತ್ತು ಕುರಿ ಹೊಡೆದಿದ್ದ. ಆ ವಾರವೆಲ್ಲ ಅವನು ಸರಿಯಾಗಿ ಊಟ ಮಾಡಲಿಲ್ಲ ಎಂದು ಹೆಂಡತಿ ಹೇಳುತ್ತಿದ್ದಳು, ಅವನು ಹೇಳುತ್ತಿರಲಿಲ್ಲ.

ಇವತ್ತೂ ಅವನ ಬಂದೂಕು ಕುದುರೆಯ ಜೀನಿಗೆ ಕಟ್ಟಿತ್ತು.

"ನಾನು ಹೋಗ್ತೀನಿ," ಎಂದಳು ಒಡ್ನೀ.

"ನೀನು ಹೋಗ್ಲೇಬೇಕು. ಆ ಎಲುಬುಗೂಡು ಇನ್ಯಾರ ಮಾತು ಕೇಳುತ್ತೆ?" ಎಂದ ಕೇತಿಲ್.

ಫ್ಲೆಕ್ಕಾ ಮುಂದಾಳು ತಳಿಯ ಕುರಿ. ಉದ್ದ ಕಾಲು, ಎತ್ತಿದ ತಲೆ, ಕಪ್ಪುಬಿಳುಪು ಮೈ. ಮೈಮೇಲೆ ಮಾಂಸವೇ ಇಲ್ಲ. ರೋಗ ಬಂದು ಇಡೀ ಜಿಲ್ಲೆಯ ಕುರಿಗಳನ್ನು ಕೊಂದುಹಾಕಿದ ಮೇಲೆ ಒಡ್ನೀ ಬಡಗಣ ಸೀಮೆಗೆ ಹೋಗಿ, ಮರಿಯಾಗಿದ್ದ ಅದನ್ನು ಕೋಟಿನೊಳಗೆ ಇಟ್ಟುಕೊಂಡು ತಂದಿದ್ದಳು. ಕೇತಿಲ್ ಅದನ್ನು ನೋಡಿದಾಗೆಲ್ಲ ನಗುತ್ತಿದ್ದ. ಆದರೆ ಕಳೆದ ಜನವರಿಯ ಒಂದು ಬೆಳಿಗ್ಗೆ, ಆಕಾಶ ತೊಳೆದಿಟ್ಟ ಹಾಗಿದ್ದಾಗ, ಫ್ಲೆಕ್ಕಾ ಕೊಟ್ಟಿಗೆಯ ಬಾಗಿಲಲ್ಲಿ ಅಡ್ಡ ನಿಂತು ಒಂದು ಕುರಿಯನ್ನೂ ಹೊರಗೆ ಬಿಡಲಿಲ್ಲ. ಮಧ್ಯಾಹ್ನದೊಳಗೆ ಹಿಮಗಾಳಿ ಬಂತು. ಬೇರೆಯವರ ಮನೆಯ ಕುರಿಗಳು ವಸಂತದಲ್ಲಿ ಹಿಮ ಕರಗಿದ ಮೇಲೆ ಸಿಕ್ಕವು.

ಈ ಬೇಸಿಗೆಯೆಲ್ಲ ಮಳೆ. ಒಡ್ನೀಯ ಅಟ್ಟದಲ್ಲಿ ಅರ್ಧ ಚಳಿಗಾಲಕ್ಕಾಗುವಷ್ಟೇ ಒಣಹುಲ್ಲು. ಉಳಿದರ್ಧ ಕಾಲ ಅವಳ ಅರವತ್ತು ಕುರಿಗಳು ಕಡಲ ದಂಡೆಯಲ್ಲಿ ಮೇಯಬೇಕು, ಗಾಳಿ ಏಳುವ ಮೊದಲು ಮನೆ ಸೇರಬೇಕು. ಅವನ್ನು ಮನೆ ಸೇರಿಸುವುದು ಫ್ಲೆಕ್ಕಾ. ಅದಿಲ್ಲದಿದ್ದರೆ ಕುರಿ ಮಾರಬೇಕು. ಕುರಿ ಮಾರಿದರೆ ಬಕ್ಕಿಯಲ್ಲಿ ಅವಳು ಇರುವುದು ಯಾಕೆ?

ಕೇತಿಲ್ ಕೋಲಿನ ತುದಿಯಿಂದ ಮಣ್ಣಿನ ಮೇಲೆ ಗೀರಿದ. "ಕೇಳಿಸ್ಕೊಳ್ಳಿ. ಮೇಲಿಂದ ಪಟ್ಟೆಗೆ ಹನ್ನೆರಡು ಮಾರು. ಹಗ್ಗದಲ್ಲಿ ಇಳೀರಿ. ಅಷ್ಟೂ ಕುರೀನ ಮೇಲೆ ಎಳೆಯೋಕೆ ಜನ ಇಲ್ಲ. ಅದಕ್ಕೆ ಒಳಗಡೆಗೆ, ಕಣಿವೆ ತಲೆ ಕಡೆಗೆ ಹೊಡ್ಕೊಂಡು ಹೋಗಿ. ಪಟ್ಟೆಗಳೆಲ್ಲ ಒಳಗೆ ಹೋದ ಹಾಗೆ ಇಳೀತಾ ಹೋಗ್ತವೆ. ಕಣಿವೆ ತಿರುವು ದಾಟಿದ ಮೇಲೆ ಮೂರನೇ ಪಟ್ಟೆ ನೇರ ಮಂಜುಗಡ್ಡೆ ಮೇಲೆ ಕಾಲಿಡುತ್ತೆ. ನಾನು ಕುದುರೆ ತಗೊಂಡು ಅಲ್ಲಿರ್ತೀನಿ."

"ನೀನು ಕಂಡಿದ್ದೀಯ?" ಇಂದ್ರಿದಿ ಕೇಳಿದ.

"ಕಂಡಿದ್ದೀನಾ! ಇಪ್ಪತ್ತಾರರ ವಯಸ್ಸಲ್ಲಿ ನಾನೇ ಏಳು ಕುರಿ ಹಾಗೆ ತಂದಿದ್ದೀನಿ. ಮನೆ ಮೆಟ್ಟಿಲು ಇಳಿದ ಹಾಗೆ ಇಳಿದ್ವು."

ಅಂದರೆ ನಲವತ್ತು ವರ್ಷದ ಹಿಂದೆ ಎಂದು ಒಡ್ನೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಣಿವೆಯ ಒಳತುದಿಯನ್ನು ತುಂಬಿರುವ ಮಂಜುಗಡ್ಡೆಯ ಮೂತಿ ಹಿಂದೆ ಸರಿದಿರುವುದು ಎಲ್ಲರಿಗೂ ಗೊತ್ತಿತ್ತು. ಆದರೆ ತಿರುವಿನ ಆಚೆ ಹುಲ್ಲಿಲ್ಲ, ಆದ್ದರಿಂದ ಕುರಿಯಿಲ್ಲ, ಆದ್ದರಿಂದ ಕುರಿಯವರು ಯಾರೂ ಅಲ್ಲಿಗೆ ಹೋಗಿರಲಿಲ್ಲ. ಅವಳ ನಾಲಿಗೆಯ ತುದಿಗೆ ಒಂದು ಪ್ರಶ್ನೆ ಬಂತು. ಬೆಟ್ಟದ ದೊರೆ ದಾರಿ ಹೇಳಿ ಆಗಿತ್ತು. ಅವಳು ಹಗ್ಗದ ಸುರುಳಿ ಎತ್ತಿ ಹೆಗಲಿಗೆ ಹಾಕಿಕೊಂಡಳು.

ಬೆಟ್ಟದ ಬೆನ್ನು ಹತ್ತುವುದಕ್ಕೆ ಎರಡು ತಾಸು ಹಿಡಿಯಿತು. ಇಂದ್ರಿದಿ ಕಡಲತೀರದಲ್ಲಿ ಬೆಳೆದವನು. ಪ್ರತಿ ಮೇ ತಿಂಗಳು ಹಗ್ಗದಲ್ಲಿ ತೂಗಾಡಿಕೊಂಡು ಹಕ್ಕಿಯ ಮೊಟ್ಟೆ ಕೀಳುತ್ತಿದ್ದ. ಕಬ್ಬಿಣದ ಸಲಾಕೆಯೊಂದನ್ನು ಬಂಡೆಯ ಬಿರುಕಿಗೆ ಹೊಡೆದು, ಮೇಲೆ ನಿಂತು ಕುಣಿದು ನೋಡಿದ.

"ಹಿಡಿಯುತ್ತೆ. ನನ್ನನ್ನೇ ಹೊತ್ತಿತು ಅಂದ್ರೆ ನೀನು ಯಾವ ಲೆಕ್ಕ."

"ನಾನು ನಿನಗಿಂತ ಭಾರ ಇದ್ದೀನಿ ಮಾರಾಯ."

"ಅದನ್ನ ಸಲಾಕೆಗೆ ಕೇಳೋ ಹಾಗೆ ಹೇಳಬೇಡ."

ಇಪ್ಪತ್ತೈದು ಮಾರಿನ ಹಗ್ಗವನ್ನು ಮಡಚಿ ಸಲಾಕೆಗೆ ಹಾಕಿದರು. ಒಡ್ನೀ ಮೊದಲು ಇಳಿದಳು. ಕಪ್ಪು ಬಂಡೆ ಇಲ್ಲಿ ಕಂಬಕಂಬವಾಗಿ ಸೀಳಿತ್ತು; ಕಾಲು ಕೊಟ್ಟರೆ ಕೆಲವು ಕಂಬಗಳು ಸಡಿಲ ಹಲ್ಲಿನಂತೆ ಅಲುಗಾಡಿದವು. ಅವಳು ಕೆಳಗೆ ನೋಡಲಿಲ್ಲ. ಬೂಟಿನ ಅಡಿಗೆ ಮೆತ್ತನೆಯ ಮಣ್ಣು ಸಿಕ್ಕಿದಾಗ ಕಣ್ಣು ತೆರೆದಳು. ಇಷ್ಟು ಹೊತ್ತು ಅದನ್ನು ಮುಚ್ಚಿಕೊಂಡಿದ್ದೆ ಎನ್ನುವುದು ಆಗ ಗೊತ್ತಾಯಿತು.

ಇಂದ್ರಿದಿ ಬಂದವನೇ ಹಗ್ಗದ ಒಂದು ತುದಿ ಹಿಡಿದು ಎಳೆದ. ಇನ್ನೊಂದು ತುದಿ ಮೇಲಕ್ಕೆ ಹೋಗಿ, ಸಲಾಕೆ ಸುತ್ತಿ, ಧೊಪ್ಪನೆ ಇಬ್ಬರ ಕಾಲಬಳಿ ಬಿತ್ತು. ಮುಂದೆ ಹಗ್ಗ ಬೇಕಾಗುತ್ತಿತ್ತು. ಆದರೆ ಈಗ ಮೇಲೆ ಹೋಗುವ ದಾರಿಯೂ ಇರಲಿಲ್ಲ.

ಪಟ್ಟೆ ಇಲ್ಲಿ ಮೂರು ಹೆಜ್ಜೆ ಅಗಲ. ಒಳಗೋಡೆ ಇಟ್ಟಿಗೆಪುಡಿಯ ಬಣ್ಣ, ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ಹೊರಗಡೆ ಏನೂ ಇಲ್ಲ. ಐವತ್ತು ಮಾರು ಕೆಳಗೆ ಹೊಳೆ ಬಿಳಿ ನೂಲಿನ ಹಾಗೆ. ಹುಲ್ಲನ್ನು ಕುರಿಗಳು ಬೇರಿನವರೆಗೂ ತಿಂದು ಮುಗಿಸಿದ್ದವು. ಮನುಷ್ಯರನ್ನು ಕಂಡದ್ದೇ ಅವು ಒಂದರ ಮೇಲೊಂದು ನುಗ್ಗಿದವು.

"ಕೂತ್ಕೋ," ಎಂದಳು ಒಡ್ನೀ. ಇಬ್ಬರೂ ಅಲ್ಲೇ ಕೂತರು.

ಆದರೆ ಅಂಚಿನಲ್ಲಿದ್ದ ಒಂದು ಎಳೇ ಕುರಿ ಬೆದರಿ ಹಿಂದೆ ಜಿಗಿಯಿತು. ಹಿಂದೆ ನೆಲ ಇರಲಿಲ್ಲ.

ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

ಒಡ್ನೀ ಜೇಬಿನಿಂದ ಕಪ್ಪು ರೊಟ್ಟಿಯ ತುಂಡು ತೆಗೆದು ಅಂಗೈಯಲ್ಲಿಟ್ಟುಕೊಂಡು, ಗಿರಾಕಿಗೆ ಕಾಯುವವಳ ಹಾಗೆ ಬೇರೆ ಕಡೆ ನೋಡುತ್ತ ಕೂತಳು. ತುಸು ಹೊತ್ತಿನ ಮೇಲೆ ಗಂಟೆ ಟಿಣ್ ಎಂದಿತು. ಒದ್ದೆ ಮೂತಿಯೊಂದು ಅವಳ ಕೈಗೆ ತಾಗಿತು.

"ಬಂದ್ಯಾ ಕಣೇ? ಎಂಥಾ ಕಡೆ ಕರ್ಕೊಂಡು ಬಂದಿದ್ದೀಯ ಎಲ್ಲರನ್ನೂ! ನಡಿ, ಮನೆಗೆ ಹೋಗೋಣ."

ಫ್ಲೆಕ್ಕಾ ಮುಂದೆ, ಹಿಂದೆ ಒಂದೊಂದಾಗಿ ಹನ್ನೆರಡು. ಅದರ ಪಕ್ಕ ಒಡ್ನೀ, ಕೊನೆಯಲ್ಲಿ ಇಂದ್ರಿದಿ. ಕೇತಿಲ್ ಹೇಳಿದಂತೆಯೇ ಪಟ್ಟೆ ಒಳಗೆ ಹೋದಂತೆ ಸ್ವಲ್ಪಸ್ವಲ್ಪವೇ ಇಳಿಯುತ್ತಿತ್ತು. ಕೆಲವು ಕಡೆ ಒಂದು ಹೆಜ್ಜೆಯಷ್ಟೇ ಅಗಲ. ಅಲ್ಲಿ ಗೋಡೆಗೆ ಎದೆಯೊತ್ತಿ ದಾಟಬೇಕು. ಮೇಲಿನಿಂದ ಜಿನುಗುವ ನೀರು ಕತ್ತಿನೊಳಗೆ ಇಳಿಯುತ್ತಿತ್ತು. ಹಿಂದಿನಿಂದ ಇಂದ್ರಿದಿ ಕುರಿಗಳ ಬಾಲಕ್ಕೆ ಮೆಲ್ಲಗೆ ಏನೇನೋ ಹೇಳುತ್ತಿದ್ದ: "ನಿಧಾನ ಕಣಮ್ಮ... ನಿನ್ನ ಹಿಂಭಾಗ ಬೆಟ್ಟಕ್ಕಿಂತ ಅಗಲ, ನೋಡ್ಕೊಂಡು..."

ಕಣಿವೆಯ ತಿರುವಿನಲ್ಲಿ ಬೇರೆಯೇ ಒಂದು ಬಂಡೆ ಎದುರಾಯಿತು. ಪಟ್ಟೆಗಳೆಲ್ಲ ಅಡ್ಡಡ್ಡ ಮಲಗಿದ್ದರೆ ಇದು ನೆಟ್ಟಗೆ ನಿಂತು, ಕಪ್ಪನ್ನೂ ಕೆಂಪನ್ನೂ ಸೀಳಿಕೊಂಡು ಬುಡದಿಂದ ತುದಿಗೆ ಹೋಗಿತ್ತು. ಹಿಂದೆ ಬೆಂಕಿ ಬಿರುಕಿನಲ್ಲಿ ಮೇಲೇರಿದ ಜಾಗ. ರಾಕ್ಷಸರು ಕಟ್ಟಿದ ಗೋಡೆ ಎಂದು ಕಣಿವೆಯವರು ಅದನ್ನು ಕರೆಯುತ್ತಾರೆ, ಯಾಕೆಂದರೆ ಅದರ ಕಲ್ಲುಗಳು ಸೌದೆ ಒಟ್ಟಿದ ಹಾಗೆ ಅಡ್ಡಲಾಗಿ ಒಂದರ ಮೇಲೊಂದು ಕೂತಿವೆ. ಗೋಡೆಯ ಪಕ್ಕದ ಸುಟ್ಟ ಮಣ್ಣು ಉದುರಿ ಅಲ್ಲೊಂದು ಇಕ್ಕಟ್ಟು ಕೊರಕಲಾಗಿತ್ತು.

ಫ್ಲೆಕ್ಕಾ ನಿಂತಿತು.

ಕೊರಕಲಿನೊಳಗೆ ತಲೆ ಹಾಕಿತು. ಮೂಸಿತು. ಒಂದು ಕಾಲನ್ನು ಕೆಳಗಿನ ಕಲ್ಲಿನ ಮೇಲೆ ಇಟ್ಟು ನೋಡಿತು.

"ಅಲ್ಲಲ್ಲ. ಮುಂದೆ," ಎಂದಳು ಒಡ್ನೀ. ಅದು ಕದಲಲಿಲ್ಲ. ಹಿಂದಿನವು ಒತ್ತತೊಡಗಿದವು. ಗಾಳಿಯಲ್ಲಿ ಆಗಲೇ ಹಿಮದ ವಾಸನೆ.

"ಏನಾಯ್ತು ಮುಂದೆ?" ಇಂದ್ರಿದಿ ಕೂಗಿದ.

"ಏನಿಲ್ಲ!" ಒಡ್ನೀ ಕೈಯೆತ್ತಿ ಫ್ಲೆಕ್ಕಾದ ಮೂತಿಯ ಮೇಲೆ ಒಂದೇಟು ಹಾಕಿದಳು. ನಾಲ್ಕು ವರ್ಷದಲ್ಲಿ ಅದನ್ನು ಹೊಡೆದದ್ದು ಅದೇ ಮೊದಲು. ಕುರಿ ಅವಳನ್ನು ನೋಡಿತು. ಆಮೇಲೆ ತಲೆ ತಗ್ಗಿಸಿ ಮುಂದೆ ನಡೆಯಿತು.

ನಲವತ್ತು ಹೆಜ್ಜೆಯ ಮೇಲೆ ಪಟ್ಟೆ ಮುಗಿಯಿತು.

ಮಂಜುಗಡ್ಡೆಯೇನೋ ಇತ್ತು. ಕೆಳಗೆ, ನಲವತ್ತು ಮಾರು ಕೆಳಗೆ, ಧೂಳು ಹಿಡಿದ ಬೆನ್ನು ಚಾಚಿ ಮಲಗಿತ್ತು. ಕೇತಿಲ್‌ನ ಯೌವನದಲ್ಲಿ ಅದು ಇಲ್ಲಿಯವರೆಗೆ ತುಂಬಿಕೊಂಡಿದ್ದದ್ದು ಸುಳ್ಳಲ್ಲ. ಬಂಡೆ ಉಜ್ಜಿ ನುಣುಪಾದ ಗುರುತು ಅವರ ಸೊಂಟದೆತ್ತರಕ್ಕೆ ಕಾಣುತ್ತಿತ್ತು. ಎಲ್ಲರೂ ಮಂಜುಗಡ್ಡೆಯ ಮೂತಿ ಎಷ್ಟು ಹಿಂದೆ ಹೋಯಿತು ಎಂದೇ ನೋಡಿದ್ದರು. ಅದು ಎಷ್ಟು ತೆಳ್ಳಗಾಯಿತು ಎಂದು ನೋಡಿದವರಿರಲಿಲ್ಲ.

ಇಂದ್ರಿದಿ ಅಂಚಿಗೆ ಬಂದು ಇಣುಕಿದ. ಅವನ ಮುಖದ ತಮಾಷೆಯೆಲ್ಲ ಇಳಿದುಹೋಯಿತು. "ಹಗ್ಗ ಇಪ್ಪತ್ತೈದೇ ಇರೋದು."

ಕೆಳಗೆ ಎರಡು ಕುದುರೆ, ಅವುಗಳ ಪಕ್ಕ ಒಂದು ಚುಕ್ಕೆ. ಕೇತಿಲ್. ಹೊಳೆಯ ಸದ್ದಿಗೆ ಕೂಗು ಕೇಳುವಂತಿರಲಿಲ್ಲ. ಅವನು ಎರಡು ಕೈಯನ್ನೂ ತಲೆಯ ಮೇಲೆ ಅಡ್ಡ ಹಿಡಿದ: ನಿಲ್ಲಿ. ಆಮೇಲೆ ಬೆಟ್ಟದ ನೆತ್ತಿಗೆ ತೋರಿಸಿ, ತನ್ನ ಎದೆಗೆ ತೋರಿಸಿ, ಹಗ್ಗ ಎಳೆಯುವ ಹಾಗೆ ಮಾಡಿದ: ನಾನು ಮೇಲೆ ಬಂದು ನಿಮ್ಮನ್ನು ಎಳೆದುಕೊಳ್ಳುತ್ತೇನೆ.

ಆಮೇಲೆ ಜೀನಿನಿಂದ ಬಂದೂಕು ಬಿಚ್ಚಿ, ಅದನ್ನು ಎರಡು ಕೈಯಲ್ಲೂ ಅಡ್ಡಲಾಗಿ ತಲೆಯ ಮೇಲೆ ಎತ್ತಿದ.

ಅದರ ಅರ್ಥ ಇಬ್ಬರಿಗೂ ತಿಳಿಯಿತು. ಕುರಿಗಳನ್ನು ಬಿಟ್ಟು ಪಕ್ಕಕ್ಕೆ ಸರಿಯಿರಿ.

ಮೊದಲ ಹಿಮ ಬಂತು, ಸಣ್ಣಗೆ, ಹಿಟ್ಟು ಜರಡಿ ಹಿಡಿದ ಹಾಗೆ.

"ಮೂರು ತಾಸು ಬೇಕು ಅವನು ಮೇಲೆ ಬರೋಕೆ," ಎಂದ ಇಂದ್ರಿದಿ. "ಅಷ್ಟರಲ್ಲಿ ಈ ನೀರೆಲ್ಲ ಗಾಜಾಗುತ್ತೆ. ಒಡ್ನೀ, ನನಗೂ ಬೇಜಾರೇ. ಆದರೆ ದೊರೆ ಹೇಳಿದ ಮೇಲೆ..."

ಹಿಂದಿನಿಂದ ಗಂಟೆಯ ಸದ್ದು. ಒಡ್ನೀ ತಿರುಗಿದಳು. ಫ್ಲೆಕ್ಕಾ ಅಲ್ಲಿರಲಿಲ್ಲ. ಕುರಿಗಳ ಸಾಲಿನ ಒಳಬದಿಯಿಂದ ನುಸುಳಿಕೊಂಡು ಅದು ವಾಪಸು ಹೋಗಿ, ರಾಕ್ಷಸರ ಗೋಡೆಯ ಹತ್ತಿರ ನಿಂತಿತ್ತು. ಯಾರನ್ನೂ ಕಾಯದೆ ಕೊರಕಲಿನೊಳಗೆ ಇಳಿಯಿತು. ಟಿಣ್. ಮತ್ತೆ ಟಿಣ್. ಸದ್ದು ಕೆಳಗಿನಿಂದ ಬರುತ್ತಿತ್ತು.

"ಅದಾಗಲೇ ಹೇಳಿತ್ತು," ಎಂದಳು ಒಡ್ನೀ. "ನಾನೇ ಹೊಡೆದು ಮುಂದೆ ನೂಕಿದೆ."

"ಕೆಳಗೆ ಏನಿದೆ ಅಂತ ನಮಗೆ ಗೊತ್ತಿಲ್ಲ."

"ಅದಕ್ಕೆ ಗೊತ್ತು."

"ಕುರಿ ಮಾತು ಕೇಳಿ ದೊರೆ ಮಾತು ಮೀರಿದೆ ಅಂದ್ರೆ ಕಣಿವೆಯಲ್ಲಿ ಏನಂತಾರೆ?"

"ನನ್ನನ್ನ ಏನಂದ್ರೂ ಅನ್ನಲಿ. ನೀನು ಬೇಕಾದ್ರೆ ಇಲ್ಲೇ ನಿಂತ್ಕೊ."

ಇಂದ್ರಿದಿ ಹಗ್ಗವನ್ನು ನೋಡಿದ, ಅವಳನ್ನು ನೋಡಿದ. "ನಿಂತ್ಕೊಂಡು ಏನು ಮಾಡಲಿ, ಚಳಿ ಬೇರೆ."

ಒಡ್ನೀ ಪಟ್ಟೆಯ ತುದಿಗೆ ಹೋಗಿ, ಕೆಳಗಿನವನಿಗೆ ಕಾಣುವಂತೆ ನೆಟ್ಟಗೆ ನಿಂತು, ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಳು. ಕುರಿ ಇಳಿಸುವಾಗ ದೊರೆಗೆ ತೋರಿಸುವ ಸನ್ನೆ ಅದು: ಮಂದೆ ನನ್ನ ಕೈಯಲ್ಲಿದೆ, ಯಾರೂ ನಡುವೆ ಬರಬೇಡಿ. ಗಾಳಿ ಅವಳ ಕೋಟನ್ನು ಹಿಡಿದೆಳೆಯಿತು. ಅವಳು ಕೈ ಇಳಿಸಲಿಲ್ಲ.

ಬಂದೂಕು ಮೇಲೆಯೇ ಇತ್ತು. ಒಂದು, ಎರಡು, ಹತ್ತು ಉಸಿರು. ಆಮೇಲೆ ಅದು ನಿಧಾನಕ್ಕೆ ಕೆಳಗೆ ಬಂತು.

ಕೊರಕಲು ಮನುಷ್ಯರು ಅಡ್ಡ ತಿರುಗಿ ಹೋಗುವಷ್ಟೇ ಅಗಲ. ಒಂದು ಕಡೆ ಸೌದೆಯಂತೆ ಒಟ್ಟಿದ ಕಲ್ಲು, ಮೆಟ್ಟಿಲಿನ ಹಾಗೆ. ಇನ್ನೊಂದು ಕಡೆ ಪುಡಿಪುಡಿಯಾಗುವ ಕೆಂಪು. ಮುಂದಾಳಿನ ಗಂಟೆ ಕೇಳಿದ ಕುರಿಗಳು ಒಂದರ ಹಿಂದೊಂದು ಇಳಿದವು. ಅವುಗಳ ಗೊರಸಿಗೆ ಸಿಕ್ಕುವ ಜಾಗ ಬೂಟಿಗೆ ಸಿಕ್ಕುತ್ತಿರಲಿಲ್ಲ. ಎಂಟು ಮಾರು ಇಳಿದ ಮೇಲೆ ಒಂದು ಕಡೆ ಕಲ್ಲು ಕಳಚಿಹೋಗಿ ಆಳೆತ್ತರದ ತೆರಪು. ಫ್ಲೆಕ್ಕಾ ಅದನ್ನು ಹಾರಿ ಕೆಳಗೆ ನಿಂತು ಮೇಲೆ ನೋಡುತ್ತಿತ್ತು. ದೊಡ್ಡ ಕುರಿಗಳು ಹಾರಿದವು. ಎರಡು ಮರಿಗಳು ಹಾರಲಿಲ್ಲ.

"ಹಗ್ಗ ಕೊಡು," ಎಂದ ಇಂದ್ರಿದಿ. ಒಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ಚಾಚಿಕೊಂಡಿದ್ದ ಕಲ್ಲೊಂದಕ್ಕೆ ಎರಡು ಸುತ್ತು ಸುತ್ತಿ ಒಡ್ನೀಯ ಕೈಗಿಟ್ಟ. ಮೊದಲನೇ ಮರಿಯನ್ನು ಕಂಕುಳಲ್ಲಿ ಒತ್ತಿಕೊಂಡು ತೆರಪಿನೊಳಗೆ ಇಳಿದು, ಕೆಳಗೆ ಬಿಟ್ಟು ಬಂದ.

ಎರಡನೆಯದನ್ನು ಎತ್ತಿಕೊಂಡು ಇಳಿಯುವಾಗ ಎಡಗಾಲನ್ನು ಕೆಂಪಿನ ಮೇಲೆ ಇಟ್ಟ.

ಕೆಂಪು ಕುಸಿಯಿತು.

ಒಂದು ಗಾಡಿ ಮಣ್ಣು ಸುರಿದಂತೆ ಸದ್ದಾಯಿತು. ಹಗ್ಗ ಬಿಗಿದು ಒಡ್ನೀಯ ಕೈಯನ್ನು ಕಲ್ಲಿಗೆ ಜಜ್ಜಿತು. ಧೂಳಿನಲ್ಲಿ ಏನೂ ಕಾಣಲಿಲ್ಲ.

"ಇಂದ್ರಿದಿ!"

ಕೆಮ್ಮು. ಮತ್ತೆ ಕೆಮ್ಮು. "ಹಿಡ್ಕೊಂಡಿದ್ದೀಯಾ?"

"ಹಿಡ್ಕೊಂಡಿದ್ದೀನಿ!"

"ನಾನೂ ಮರೀನ ಹಿಡ್ಕೊಂಡಿದ್ದೀನಿ. ಒಂದು ಕೈಯಲ್ಲಿ. ಕಾಲಿಗೆ ಏನೂ ಸಿಕ್ತಿಲ್ಲ."

"ಮರಿ ಬಿಡು!"

"ಬಿಟ್ಟರೆ ನಿನ್ನ ಫ್ಲೆಕ್ಕಾ ನನ್ನ ಮುಖ ನೋಡಲ್ಲ. ಬಿಡು ಹಗ್ಗಾನ, ಮೆಲ್ಲಗೆ, ಒಂದೊಂದೇ ಗೇಣು."

ಅವಳು ಬಿಟ್ಟಳು. ಒಂದು ಗೇಣು. ಬೆರಳ ಸಂದಿಯಿಂದ ರಕ್ತ ಬಂದು ಹಗ್ಗ ಜಾರತೊಡಗಿತು. ತೋಳಿಗೊಂದು ಸುತ್ತು ಹಾಕಿಕೊಂಡಳು. ಇನ್ನೊಂದು ಗೇಣು. ಇನ್ನೊಂದು. ಬೂಟುಗಳನ್ನು ಕಲ್ಲಿನ ಬುಡಕ್ಕೆ ಒತ್ತಿ ನಿಂತಳು.

ಹಗ್ಗ ಸಡಿಲವಾಯಿತು.

"ಬಂತು!" ಕೆಳಗಿನಿಂದ ಕೂಗು. "ನೆಲ ಬಂತು ಮಾರಾಯ್ತಿ! ಬೂದು ಪಟ್ಟೆ!"

ಅವಳು ಹಗ್ಗವನ್ನು ಕಲ್ಲಿಗೆ ಬಿಗಿದು, ಅದನ್ನೇ ಹಿಡಿದು ಇಳಿದಳು. ಹಗ್ಗ ಅಲ್ಲೇ ಉಳಿಯಿತು, ಇವತ್ತಿಗೂ ಅಲ್ಲೇ ಇದ್ದೀತು.

ಎರಡನೇ ಪಟ್ಟೆ ಇಲ್ಲಿ ಕೆಂಪಲ್ಲ. ಯಾವುದೋ ಕಾಲದ ಕೆರೆಯ ಕೆಸರು ಪದರಪದರವಾಗಿ ಕಲ್ಲಾಗಿತ್ತು. ಬೂಟು ತಾಗಿದರೆ ಹಲಗೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಹಾಗೆ ಬಿಚ್ಚಿಕೊಂಡ ಒಂದು ಹಲಗೆಯನ್ನು ಇಂದ್ರಿದಿ ಎತ್ತಿ ನೋಡಿ, ಕೋಟಿನೊಳಗೆ ತುರುಕಿಕೊಂಡ. ಮುಂದೆ ಹಿಮದ ತೆರೆಯೊಳಗೆ ಗಂಟೆ ಕೇಳುತ್ತಿತ್ತು. ಅದನ್ನು ಹಿಡಿದೇ ಇಬ್ಬರೂ ನಡೆದರು. ಅಂಚು ಎಲ್ಲಿ, ಗಾಳಿ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಅರವತ್ತು ಹೆಜ್ಜೆಯಾದ ಮೇಲೆ ಕಾಲಡಿಯ ಸದ್ದು ಬದಲಾಯಿತು. ಜಲ್ಲಿ. ಮಂಜುಗಡ್ಡೆ ತಗ್ಗುವಾಗ ಗೋಡೆಗೆ ಒರಗಿಸಿ ಬಿಟ್ಟುಹೋದ ಜಲ್ಲಿಯ ದಿಬ್ಬ, ಎರಡನೇ ಪಟ್ಟೆಯ ಮಟ್ಟಕ್ಕೆ ಸರಿಯಾಗಿ ನಿಂತಿತ್ತು. ಕೇತಿಲ್‌ನ ಕಾಲದಲ್ಲಿ ಅದು ಇರಲಿಲ್ಲ, ಆ ಜಾಗ ಮಂಜುಗಡ್ಡೆಯ ಅಡಿಯಲ್ಲಿತ್ತು.

ಕೇತಿಲ್ ದಿಬ್ಬದ ಬುಡದಲ್ಲಿ ನಿಂತಿದ್ದ. ಟೋಪಿಯ ಮೇಲೆ, ಹುಬ್ಬಿನ ಮೇಲೆ ಹಿಮ. ಬಂದೂಕು ಮತ್ತೆ ಜೀನಿಗೆ ಹೋಗಿತ್ತು. ಮೇಲಿನಿಂದ ಗಂಟೆಯ ಸದ್ದು, ಅದರ ಹಿಂದೆ ಕೋಡು, ಅದರ ಹಿಂದೆ ಕುರಿಗಳು ಬಿಳುಪಿನಿಂದ ಒಂದೊಂದಾಗಿ ಹೊರಬರುವುದನ್ನು ಅವನು ನೋಡಿದ. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ.

"ಹದಿಮೂರು," ಎಂದ.

"ಹದಿಮೂರು," ಎಂದಳು ಒಡ್ನೀ. "ಒಂದು ಬಿತ್ತು."

ಅವನು ಅವಳ ಕೈ ನೋಡಿದ. ಕುತ್ತಿಗೆಯ ಉಣ್ಣೆಯ ಪಟ್ಟಿ ಬಿಚ್ಚಿ ಅದಕ್ಕೆ ಸುತ್ತಿದ. ತನ್ನ ಕುದುರೆಯ ಲಗಾಮನ್ನು ಅವಳ ಇನ್ನೊಂದು ಕೈಗೆ ಕೊಟ್ಟು, ತಾನು ನಡೆದೇ ಹೊರಟ.

ಎರಡು ದಿನದ ಮೇಲೆ ಬಂದರಿನಿಂದ ಗಂಡಸರು ಹಿಂದಿರುಗಿದರು. ಸುದ್ದಿ ಕೇಳಿ ಎಂಟು ಜನ ಒಡ್ನೀಯ ಅಡುಗೆಮನೆಯಲ್ಲಿ ತುಂಬಿಕೊಂಡರು. ಒಲೆಯ ಮೇಲೆ ಮಾಂಸದ ಸಾರು, ಮೇಜಿನ ಮೇಲೆ ಕಾಫಿ, ಸಕ್ಕರೆಯ ತುಂಡು. ಇಂದ್ರಿದಿ ಕತೆ ಹೇಳುತ್ತಿದ್ದ. ಪ್ರತಿ ಸಲ ಹೇಳಿದಾಗಲೂ ತೆರಪು ಒಂದೊಂದು ಮಾರು ಆಳವಾಗುತ್ತಿತ್ತು. ಬೂದು ಹಲಗೆಯನ್ನು ಅವನು ಮೇಜಿನ ಮೇಲಿಟ್ಟಿದ್ದ. ಅದರಲ್ಲಿ ಒಂದು ಎಲೆಯ ಅಚ್ಚು, ಅಂಗೈಯಷ್ಟು ಅಗಲ, ನರನರವೂ ಸ್ಪಷ್ಟ. ಮೊಣಕಾಲೆತ್ತರಕ್ಕಿಂತ ದೊಡ್ಡ ಮರವನ್ನು ಕಣಿವೆಯಲ್ಲಿ ಯಾರೂ ಕಂಡವರಲ್ಲ.

"ಹಾಗಾದ್ರೆ ದೊರೆ ಹೇಳಿದ ದಾರೀಲೇ ಬಂದ್ರಾ?" ಒಬ್ಬ ಕೇಳಿದ.

ಇಂದ್ರಿದಿ ಕೇತಿಲ್‌ನ ಕಡೆ ನೋಡಿದ. ಒಡ್ನೀ ಕಾಫಿ ಬಗ್ಗಿಸುವುದನ್ನು ನಿಲ್ಲಿಸಲಿಲ್ಲ.

ಕೇತಿಲ್ ಆ ಎಲೆಯನ್ನೇ ಬೆರಳಿನಿಂದ ಸವರುತ್ತ ಕೂತಿದ್ದ. "ಇಲ್ಲ," ಎಂದ. "ನಾನು ಹೇಳಿದ ದಾರೀಲಿ ಮಂಜುಗಡ್ಡೆ ಇಲ್ಲ. ಹೋಗಿ ನೋಡದೆ ಇವರಿಬ್ಬರನ್ನೂ ಅಲ್ಲಿಗೆ ಕಳಿಸಿದೆ. ಇನ್ಮೇಲೆ ಯಾರಿಗಾದರೂ ಹೇಳೋದಾದ್ರೆ ಹೀಗೆ ಹೇಳಿ: ಮೂರನೇ ಕೆಂಪಿಂದ ರಾಕ್ಷಸರ ಗೋಡೆ ಹಿಡಿದು ಬೂದು ಪಟ್ಟೆಗೆ, ಅಲ್ಲಿಂದ ಜಲ್ಲಿಗೆ. ಅದೂ ಎಷ್ಟು ವರ್ಷ ಇರುತ್ತೋ. ಪ್ರತಿ ವರ್ಷ ಹೋಗಿ ನೋಡಬೇಕು."

ಹತ್ತೊಂಬತ್ತು ವರ್ಷದಲ್ಲಿ ದೊರೆ ಹೀಗೆ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಒಬ್ಬ ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕಡಿಯಲು ಮರೆತ.

ಎಲ್ಲರೂ ಹೋದ ಮೇಲೆ ಕೇತಿಲ್ ಬಾಗಿಲಲ್ಲಿ ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತ ಬಹಳ ಹೊತ್ತು ನಿಂತ.

"ಬರೋ ವಸಂತದಲ್ಲಿ ಅದು ಹೆಣ್ಣುಮರಿ ಹಾಕಿದ್ರೆ..."

"ಹಾಕಿದ್ರೆ?"

"ಬೇರೆ ಯಾರಿಗೂ ಮಾತು ಕೊಡಬೇಡ."

"ಎಲುಬುಗೂಡು ಅದು. ಮೈಮೇಲೆ ಮಾಂಸ ಇರಲ್ಲ."

"ಮಾಂಸ ಯಾರಿಗೆ ಬೇಕಿತ್ತು," ಎಂದು ಗೊಣಗಿ ಅವನು ಹಿಮದೊಳಕ್ಕೆ ಇಳಿದ.

ಒಡ್ನೀ ಲಾಟೀನು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಒಣಹುಲ್ಲಿನ ವಾಸನೆ, ಅರವತ್ತು ಮೈಗಳ ಬಿಸಿ. ಫ್ಲೆಕ್ಕಾ ಬಾಗಿಲಿನ ಹತ್ತಿರದ ತನ್ನ ಜಾಗದಲ್ಲೇ ನಿಂತಿತ್ತು. ಅವಳು ಪಟ್ಟಿ ಸುತ್ತಿದ ಕೈಯಲ್ಲಿ ಕಪ್ಪು ರೊಟ್ಟಿಯ ತುಂಡು ಚಾಚಿದಳು.

ಕುರಿ ಮುಖ ತಿರುಗಿಸಿತು.

"ಸರಿ, ತಪ್ಪಾಯ್ತು," ಎಂದಳು ಒಡ್ನೀ. ಲಾಟೀನು ಕೆಳಗಿಟ್ಟು, ಒಣಹುಲ್ಲಿನ ಮೇಲೆ ಕೂತು, ಬೇರೆ ಕಡೆ ನೋಡುತ್ತ ಕಾದಳು. ಹೊರಗೆ ಗಾಳಿ ಏಳುತ್ತಿತ್ತು. ಅವಳಿಗೆ ಅವಸರವೇನೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಗಂಟೆ ಟಿಣ್ ಎಂದಿತು.